ಲಿಂಕ್ಡ್‌ಇನ್: ಫೀಡ್ ಬಿಟ್ಟುಬಿಡಿ, ಅಲುಮ್ನೈ ಪಟ್ಟಿ ತೆಗೆಯಿರಿ

ಮೊದಲೇ ಹೇಳಿಬಿಡುತ್ತೇನೆ. ಕಾಲೇಜು ಓದುತ್ತಿರುವವರಿಗೆ, ಕೆಲಸ ಮತ್ತು ಕಂಪನಿಯವರ ಪರಿಚಯಕ್ಕೆಂದೇ ಇರುವ ಈ ಲಿಂಕ್ಡ್‌ಇನ್ ಬೇಕಾ ಎಂದರೆ, ಬೇಕು. ಆದರೆ ಇಡೀ ಆ್ಯಪ್ ಬೇಡ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ಸ್ಟಾರ್. ಆ ಮೂರರಲ್ಲಿ ಎರಡು ಸ್ಟಾರ್ ಒಂದೇ ಒಂದು ಪುಟಕ್ಕೆ ಸೇರಬೇಕು. ಆ ಪುಟದ ಹೆಸರು ಅಲುಮ್ನೈ, ಅಂದರೆ ಹಳೇ ವಿದ್ಯಾರ್ಥಿಗಳು. ನನಗೆ ಸಿಗುವ ಜೂನಿಯರ್‌ಗಳಲ್ಲಿ ಹೆಚ್ಚಿನವರು ಅದನ್ನು ತೆರೆದೇ ನೋಡಿರುವುದಿಲ್ಲ.

ನಾನು ಓದಿದ್ದು ದಾವಣಗೆರೆಯಲ್ಲಿ, ಇಸಿ (ಎಲೆಕ್ಟ್ರಾನಿಕ್ಸ್) ಬ್ರಾಂಚ್. ಊರು ರಾಣೆಬೆನ್ನೂರು. ಅಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ನಮ್ಮ ಕಡೆಯವರಲ್ಲಿ ಮೇಷ್ಟ್ರು ಇದ್ದಾರೆ, ಕಂಡಕ್ಟರ್ ಇದ್ದಾರೆ, ಮೆಕ್ಕೆಜೋಳದ ವ್ಯಾಪಾರ ಮಾಡುವವರಿದ್ದಾರೆ. ಐಟಿ ಪಾರ್ಕಿನ ಗೇಟು ದಾಟಿದವರು ಮಾತ್ರ ಯಾರೂ ಇರಲಿಲ್ಲ. ಈಗ ನಾನು ಬೆಂಗಳೂರಿನಲ್ಲಿದ್ದೇನೆ. ಗಾಡಿಗಳ ಒಳಗೆ ಕೂರುವ ಸಣ್ಣ ಕಂಪ್ಯೂಟರ್‌ಗಳಿಗೆ ಕೋಡ್ ಬರೆಯುವ ಕೆಲಸ, ಎಂಬೆಡೆಡ್ ಎನ್ನುತ್ತಾರಲ್ಲ, ಅದು. ಓದುವಾಗ ಈ ಆ್ಯಪಿನಲ್ಲಿ ಗುರುತಿಲ್ಲದವರಿಗೆ ಮೆಸೇಜ್ ಕಳಿಸಿ ಕಾದಿದ್ದೇನೆ. ಈಗ ಗುರುತಿಲ್ಲದವರ ಮೆಸೇಜ್ ನನಗೆ ಬರುತ್ತವೆ. ಎರಡೂ ಕಡೆಯಿಂದ ನೋಡಿ ಬರೆದ ರಿವ್ಯೂ ಇದು.

ಈ ಕಂಪನಿ ಹುಟ್ಟಿದ್ದು 2002ರ ಕೊನೆಯಲ್ಲಿ, ಅಮೆರಿಕದಲ್ಲಿ. ಜನರಿಗೆ ತೆರೆದದ್ದು 2003ರ ಮೇ ತಿಂಗಳಲ್ಲಿ. 2016ರಲ್ಲಿ ಮೈಕ್ರೋಸಾಫ್ಟ್ ಇದನ್ನು 2,620 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅಷ್ಟು ದುಡ್ಡು ಕೊಟ್ಟವರು ನಮಗೆ ಸುಮ್ನೆ ಯಾಕೆ ಬಳಸಲು ಬಿಡುತ್ತಾರೆ? ದುಡ್ಡು ಬರುವುದು ಬೇರೆ ಕಡೆಯಿಂದ. ಜನರನ್ನು ಹುಡುಕುವ ಎಚ್‌ಆರ್‌ಗಳು ಕೊಡುತ್ತಾರೆ, ಜಾಹೀರಾತು ಹಾಕುವವರು ಕೊಡುತ್ತಾರೆ, ಪ್ರೀಮಿಯಂ ತೆಗೆದುಕೊಳ್ಳುವವರು ಕೊಡುತ್ತಾರೆ. ವಿದ್ಯಾರ್ಥಿ ಇಲ್ಲಿ ಗಿರಾಕಿ ಅಲ್ಲ, ಅಂಗಡಿಯಲ್ಲಿ ಜೋಡಿಸಿಟ್ಟ ಸಾಮಾನು. ಇದು ಬೈಗುಳ ಅಲ್ಲ. ಇದು ಗೊತ್ತಿದ್ದರೆ ‘ನಿಮ್ಮ ಪ್ರೊಫೈಲ್ ಯಾರೋ ನೋಡಿದ್ದಾರೆ’ ಎಂಬ ನೋಟಿಫಿಕೇಶನ್ ಯಾಕೆ ಪದೇ ಪದೇ ಬರುತ್ತದೆ ಎಂದು ಅರ್ಥವಾಗುತ್ತದೆ. ಯಾರು ನೋಡಿದರು ಎಂದು ಪೂರ್ತಿ ತಿಳಿಯಬೇಕಾದರೆ ಪ್ರೀಮಿಯಂ ತಗೊಳ್ಳಿ ಎನ್ನುತ್ತದೆ. ಅಷ್ಟೇ ವಿಷಯ.

ಇನ್ನು ಫೀಡ್, ಅಂದರೆ ಎಲ್ಲರ ಪೋಸ್ಟುಗಳು ಸಾಲಾಗಿ ಬರುವ ಪುಟ. ಆ್ಯಪ್ ತೆರೆದ ಕೂಡಲೇ ಕಾಣುವುದು ಇದೇ, ಹಾಗಾಗಿ ಹುಡುಗರು ಇದನ್ನೇ ಲಿಂಕ್ಡ್‌ಇನ್ ಎಂದುಕೊಳ್ಳುತ್ತಾರೆ. ಎರಡು ದಿನದ ವರ್ಕ್‌ಶಾಪಿಗೆ ಹೋದವನು ‘ಥ್ರಿಲ್ಡ್ ಟು ಅನೌನ್ಸ್’ ಎಂದು ಶುರು ಮಾಡುತ್ತಾನೆ. ಅರ್ಧ ಗಂಟೆಯ ವಿಡಿಯೊ ನೋಡಿ ಸಿಕ್ಕ ಸರ್ಟಿಫಿಕೇಟು ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಕಾಣುತ್ತದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಹುಡುಗರಿಗೆ ಪಾಠದ ಹೊರಗಿನ ಚಟುವಟಿಕೆಗೆ ಕೊಡುವ ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ಸ್ 100 ಆಗಬೇಕಲ್ವಾ, ಅದಕ್ಕಾಗಿ ಗಿಡ ನೆಟ್ಟ ಫೋಟೊ ಕೂಡ ‘ಲೀಡರ್‌ಶಿಪ್ ಜರ್ನಿ’ ಆಗಿ ಬರುತ್ತದೆ. ಗಿಡ ಒಂದು, ಹಿಡಿದ ಕೈ ಹದಿನಾರು. ಕೆಳಗೆ ಕ್ಲಾಸಿನವರೆಲ್ಲ ಕಂಗ್ರಾಚುಲೇಶನ್ಸ್ ಹಾಕಿರುತ್ತಾರೆ. ಬೇರೆ ಯಾರೂ ಇರುವುದಿಲ್ಲ.

ನಗುವುದಕ್ಕಾದರೆ ಪರವಾಗಿಲ್ಲ. ಆದರೆ ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಇದೇ ಫೀಡ್ ಮನಸ್ಸು ಕೆಡಿಸುತ್ತದೆ. ಆಫರ್ ಬಂದವರು ಪೋಸ್ಟ್ ಹಾಕುತ್ತಾರೆ. ಬರದವರು ಸುಮ್ಮನಿರುತ್ತಾರೆ. ಹಾಸ್ಟೆಲ್ ರೂಮಿನಲ್ಲಿ ಮಲಗಿ ಸ್ಕ್ರೋಲ್ ಮಾಡುವವಳಿಗೆ ಜಗತ್ತಿನಲ್ಲಿ ತನ್ನೊಬ್ಬಳಿಗೇ ಕೆಲಸ ಸಿಕ್ಕಿಲ್ಲ ಅನ್ನಿಸುತ್ತದೆ. ನನ್ನ ರೂಮ್‌ಮೇಟ್ ಏಳನೇ ಸೆಮ್‌ನಲ್ಲಿ ಆ್ಯಪ್ ತೆಗೆದೇ ಹಾಕಿದಳು. ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಬೇಕಾದಾಗ ಮಾತ್ರ ತೆರೆಯುತ್ತಿದ್ದಳು. ನಾನೂ ಅದನ್ನೇ ಶಿಫಾರಸು ಮಾಡುತ್ತೇನೆ. ಅಲುಮ್ನೈ ಪುಟವೂ ದೊಡ್ಡ ಸ್ಕ್ರೀನಿನಲ್ಲಿ ನೋಡಲು ಸುಲಭ.

ಈಗ ಆ ಪುಟಕ್ಕೆ ಬರೋಣ. ಹುಡುಕುವ ಜಾಗದಲ್ಲಿ ನಿಮ್ಮ ಕಾಲೇಜಿನ ಹೆಸರು ಹಾಕಿ. ಕಾಲೇಜಿನ ಪೇಜ್ ಬರುತ್ತದೆ. ಅದರಲ್ಲಿ ಅಲುಮ್ನೈ ಎಂಬ ಟ್ಯಾಬ್ ಒತ್ತಿ. ಅಲ್ಲಿ ಓದಿದವರು ಈಗ ಯಾವ ಊರಿನಲ್ಲಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಎಂಥ ಕೆಲಸ, ಏನು ಓದಿದರು, ಯಾವ ಸ್ಕಿಲ್ ಹಾಕಿಕೊಂಡಿದ್ದಾರೆ ಎಂದೆಲ್ಲ ಸಾಲುಸಾಲಾಗಿ ಪಟ್ಟಿ ಬರುತ್ತದೆ. ಒಂದೊಂದು ಸಾಲನ್ನೂ ಒತ್ತಿ ಸೋಸಬಹುದು. ಓದಿದ ವರ್ಷವನ್ನೂ ಹಾಕಬಹುದು. ಬೆಂಗಳೂರು ಒತ್ತಿ, ಎಂಜಿನಿಯರಿಂಗ್ ಒತ್ತಿ, ಮೇಲೆ ‘ಎಂಬೆಡೆಡ್’ ಎಂದು ಟೈಪ್ ಮಾಡಿದೆ. ನಮ್ಮ ಕಾಲೇಜಿನಿಂದ ಇಂಥ ಕೆಲಸಕ್ಕೆ ಯಾರೂ ಹೋಗೇ ಇಲ್ಲ ಎಂದು ನಾವು ನಂಬಿಕೊಂಡಿದ್ದೆವು. ಪಟ್ಟಿ ಪುಟಗಟ್ಟಲೆ ಇಳಿಯಿತು. ನಮ್ಮದೇ ಲ್ಯಾಬಿನಲ್ಲಿ ಅದೇ ಹಳೇ ಆಸಿಲೋಸ್ಕೋಪ್ ತಿರುಗಿಸಿದವರು ಬಾಷ್‌ನಲ್ಲಿದ್ದರು, ಕಾಂಟಿನೆಂಟಲ್‌ನಲ್ಲಿದ್ದರು, ಹೆಸರೇ ಕೇಳಿರದ ಸಣ್ಣ ಸಣ್ಣ ಕಂಪನಿಗಳಲ್ಲಿದ್ದರು. ಆ ಸಣ್ಣ ಕಂಪನಿಗಳ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕ್ಯಾಂಪಸ್ಸಿಗೆ ಬರುವುದು ನೂರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ದೊಡ್ಡವರು. ಇಬ್ಬರು ಮೂವರು ಬೇಕಾದವರು ದಾವಣಗೆರೆಯವರೆಗೆ ಯಾಕೆ ಬರುತ್ತಾರೆ? ಅವರ ಹೆಸರು ತಿಳಿಯುವ ದಾರಿ ಇದೇ.

ಒಂದು ತೊಡಕಿದೆ. ಬಹಳ ಸೀನಿಯರ್‌ಗಳು ತಮ್ಮ ಕಾಲೇಜಿನ ಹೆಸರು ಹಾಕುವುದೇ ಇಲ್ಲ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂದು ಹಾಕಿಕೊಂಡಿರುತ್ತಾರೆ. ಡಿಗ್ರಿ ಕೊಡುವುದು ವಿಟಿಯು ತಾನೇ, ತಪ್ಪೇನಿಲ್ಲ. 1998ರಿಂದ ರಾಜ್ಯದ ಎಷ್ಟೋ ಕಾಲೇಜಿನವರು ಆ ಒಂದೇ ಹೆಸರಿನ ಕೆಳಗೆ ಬಂದಿದ್ದಾರೆ. ಕೆಲವು ಕಾಲೇಜುಗಳಿಗೆ ಒಂದೇ ಹೆಸರಿನ ಎರಡು ಮೂರು ಪೇಜ್ ಬೇರೆ ಇರುತ್ತವೆ. ಹಾಗಾಗಿ ವಿಟಿಯು ಪೇಜಿನ ಅಲುಮ್ನೈ ತೆರೆದು, ಅಲ್ಲಿ ನಿಮ್ಮ ಕಾಲೇಜಿನ ಹೆಸರನ್ನು, ಆಮೇಲೆ ಅದರ ಚಿಕ್ಕ ಹೆಸರನ್ನು ಹಾಕಿ ಹುಡುಕಿ. ಇನ್ನೊಂದಷ್ಟು ಜನ ಹೊರಬರುತ್ತಾರೆ. ಊರಿನ ಹೆಸರು ಹಾಕಿದರೂ ಕೆಲವೊಮ್ಮೆ ಸಿಗುತ್ತಾರೆ.

ಕಾಲೇಜಿನ ಅಲುಮ್ನೈ ಅಸೋಸಿಯೇಶನ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳಬಹುದು. ಇದೆ, ನಮ್ಮಲ್ಲೂ ಇತ್ತು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಅದಕ್ಕೆ ಜೀವ ಬರುತ್ತಿತ್ತು. ಹಳೇ ವಿದ್ಯಾರ್ಥಿಗಳ ಜೊತೆ ಕಾಲೇಜು ಎಷ್ಟು ಒಡನಾಟ ಇಟ್ಟುಕೊಂಡಿದೆ ಎಂಬುದನ್ನೂ ನ್ಯಾಕ್ ನೋಡುತ್ತದೆ. ಆ ವರ್ಷ ಬ್ಯಾನರ್, ಶಾಲು, ಹೋಳಿಗೆ ಊಟ. ಫೋನ್ ನಂಬರಿನ ರಿಜಿಸ್ಟರ್ ಆಫೀಸಿನ ಬೀರುವಿನಲ್ಲಿ, ಬೀಗದ ಕೈ ಯಾರ ಹತ್ತಿರ ಎಂದು ಯಾರಿಗೂ ಗೊತ್ತಿಲ್ಲ.

ಹೆಸರು ಸಿಕ್ಕಿತು, ಮುಂದೆ ಮಾತಾಡಿಸಬೇಕು. ನಮ್ಮ ಕಡೆ ಹುಡುಗರು, ಅದರಲ್ಲೂ ಹುಡುಗಿಯರು, ನಿಲ್ಲುವುದು ಇಲ್ಲೇ. ‘ಪರಿಚಯ ಇಲ್ಲದವರನ್ನ ಹೆಂಗ ಕೇಳೋದು?’ ಅಪ್ಪನ ಅಂಗಡಿಗೆ ಬರುವ ರೈತ ಸುಟ್ಟ ಮೋಟರ್ ಹಿಡಿದು ಬರುತ್ತಾನೆ, ಏನಾಗಿದೆ ಎಂದು ಹೇಳುತ್ತಾನೆ, ಅಲ್ಲಿಂದ ಮಾತು ಶುರುವಾಗುತ್ತದೆ. ಕೈಯಲ್ಲಿ ಏನೋ ಒಂದು ಇರಬೇಕು. ಬರೀ ಕೈಯಲ್ಲಿ ಬಂದು ‘ಏನಾದ್ರೂ ಇದೆಯಾ’ ಎಂದರೆ ಯಾರಿಗೂ ಏನು ಹೇಳಬೇಕೋ ತಿಳಿಯುವುದಿಲ್ಲ.

ನನಗೆ ಬರುವ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಹೀಗಿರುತ್ತವೆ: ‘ರೆಸ್ಪೆಕ್ಟೆಡ್ ಸರ್/ಮೇಡಂ, ಐ ಆಮ್ ಎ ಹಾರ್ಡ್‌ವರ್ಕಿಂಗ್ ಫ್ರೆಶರ್, ಪ್ಲೀಸ್ ರೆಫರ್ ಮಿ.’ ಸರ್ ಅಥವಾ ಮೇಡಂ, ಎರಡರಲ್ಲಿ ಒಂದನ್ನು ಅಳಿಸುವಷ್ಟು ಪುರುಸೊತ್ತೂ ಇಲ್ಲ. ಜೊತೆಗೆ ನಾಲ್ಕು ಪುಟದ ರೆಸ್ಯೂಮೆ, ಅದರಲ್ಲಿ ತಂದೆಯ ಹೆಸರು, ಹವ್ಯಾಸ, ಮತ್ತು ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಪ್ರಮಾಣ. ನಿಮ್ಮ ಕಂಪನಿಗೆ ನನ್ನ ಹೆಸರು ಸೂಚಿಸಿ ಎಂದು ಕೇಳುವ ಇವರಿಗೆ ಏನು ಉತ್ತರ ಕೊಡಲಿ? ಆಯ್ತು ಎನ್ನಲು ಇವರ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಆಗಲ್ಲ ಎನ್ನಲು ಮನಸ್ಸು ಬರುವುದಿಲ್ಲ. ಮೆಸೇಜ್ ಅಲ್ಲೇ ಉಳಿಯುತ್ತದೆ.

ಈ ವರ್ಷ ಒಬ್ಬಳು ಜೂನಿಯರ್ ಬರೆದದ್ದು ಬೇರೆ ಥರ ಇತ್ತು. ‘ಅಕ್ಕಾ, ಎರಡು ಎಸ್‌ಟಿಎಂ32 ಬೋರ್ಡ್ ನಡುವೆ ಕ್ಯಾನ್ ಬಸ್ ಮಾಡುತ್ತಿದ್ದೇನೆ. ಎರಡೂ ತುದಿಗೆ 120 ಓಮ್ ಹಾಕಿದ್ದೇನೆ. ಆದರೂ ಎರರ್ ಫ್ರೇಮ್ ಬರುತ್ತಿದೆ. ಎಲ್ಲಿ ನೋಡಲಿ?’ (ಕ್ಯಾನ್ ಬಸ್ ಎಂದರೆ ಗಾಡಿಯ ಒಳಗಿನ ಸಣ್ಣ ಕಂಪ್ಯೂಟರ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ತಂತಿ ಜಾಲ.) ಇದನ್ನು ಓದಿದ್ದು ರಾತ್ರಿ ಊಟವಾದ ಮೇಲೆ. ಅವತ್ತೇ ಉತ್ತರ ಬರೆದೆ: ಎರಡೂ ಕಡೆ ಬಿಟ್‌ರೇಟ್ ಒಂದೇ ಇದೆಯಾ ನೋಡು, ಒಂದು ಬೋರ್ಡಿನಲ್ಲಿ ಒಳಗಿನ ಕ್ಲಾಕ್, ಇನ್ನೊಂದರಲ್ಲಿ ಹೊರಗಿನ ಕ್ರಿಸ್ಟಲ್ ಇಟ್ಟಿದ್ದೀಯಾ ನೋಡು. ಮಾರನೇ ದಿನ ಆಸಿಲೋಸ್ಕೋಪಿನ ಫೋಟೊ ಬಂತು. ಅವಳು ಕೆಲಸ ಕೇಳಲೇ ಇಲ್ಲ. ನಮ್ಮ ಟೀಮಿನಲ್ಲಿ ಇಂಟರ್ನ್ ಬೇಕು ಎಂದಾಗ ನಾನಾಗಿಯೇ ಅವಳ ಹೆಸರು ಹೇಳಿದೆ. ಮ್ಯಾನೇಜರ್ ‘ಹುಡುಗಿ ಹೇಗೆ?’ ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಒಂದು ಸಂಗತಿ ಇತ್ತು. ರೆಫರಲ್ ಎಂದರೆ ಇಷ್ಟೇ. ಕಂಪನಿಯ ಒಳಗಿನ ಪೋರ್ಟಲ್‌ನಲ್ಲಿ ರೆಸ್ಯೂಮೆ ಹಾಕುವುದು ಐದು ನಿಮಿಷದ ಕೆಲಸ, ಎಷ್ಟೋ ಕಡೆ ಅದಕ್ಕೆ ಬೋನಸ್ಸೂ ಕೊಡುತ್ತಾರೆ. ಕಷ್ಟ ಇರುವುದು ಆ ಪ್ರಶ್ನೆಗೆ ಉತ್ತರ ಹೇಳುವುದರಲ್ಲಿ.

ನಾನು ಆರನೇ ಸೆಮ್‌ನಲ್ಲಿದ್ದಾಗ ಬರೆದ ಮೊದಲ ಮೆಸೇಜ್ ನಮ್ಮದೇ ಬ್ರಾಂಚಿನ ಬಹಳ ಹಳಬರಿಗೆ. ಮುಂದೆ ಏನು ಕಲಿಯಲಿ ಸರ್ ಎಂದು ಕೇಳಿದ್ದೆ. ಅವರು ಎರಡೇ ಸಾಲು ಬರೆದರು. ಸಿ ಪಾಯಿಂಟರ್ ಗಟ್ಟಿ ಮಾಡಿಕೋ, ಆಟೋಸಾರ್ (ಗಾಡಿಗಳ ಸಾಫ್ಟ್‌ವೇರಿಗೆ ಇರುವ ಒಂದು ಸ್ಟ್ಯಾಂಡರ್ಡ್) ಏನು ಎಂದು ಓದು, ಆದರೆ ಸರ್ಟಿಫಿಕೇಟಿಗೆ ದುಡ್ಡು ಹಾಕಬೇಡ. ಆ ಒಂದು ಮಾತಿಗೆ ನಮ್ಮ ಮನೆಯಲ್ಲಿ ಎಷ್ಟೋ ಸಾವಿರ ಉಳಿಯಿತು. ಕೆಲಸ ಅವರಿಂದ ಬರಲಿಲ್ಲ. ಅವರ ಜೊತೆ ಹಿಂದೆ ಕೆಲಸ ಮಾಡಿದ ಇನ್ನೊಬ್ಬರಿಂದ ಬಂತು, ಅವರ ಮುಖ ನಾನು ಇಂಟರ್‌ವ್ಯೂವರೆಗೆ ನೋಡಿರಲಿಲ್ಲ.

ಇದು ನನ್ನೊಬ್ಬಳ ಅದೃಷ್ಟ ಏನಲ್ಲ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲೇ ಇದನ್ನು ಹೇಳಿದ್ದಾರೆ: ಹೊಸ ಸುದ್ದಿ ಬರುವುದು ತೀರಾ ಹತ್ತಿರದವರಿಂದ ಅಲ್ಲ, ಅಷ್ಟಕ್ಕಷ್ಟೇ ಪರಿಚಯ ಇರುವವರಿಂದ. ಹಾಸ್ಟೆಲ್ ನೆನಪಿಸಿಕೊಳ್ಳಿ, ಗೊತ್ತಾಗುತ್ತದೆ. ನಮ್ಮ ರೂಮಿನ ನಾಲ್ವರಿಗೂ ಬರುತ್ತಿದ್ದದ್ದು ಅದೇ ವಾಟ್ಸ್ಆ್ಯಪ್ ಫಾರ್ವರ್ಡ್. ಒಬ್ಬಳಿಗೆ ಗೊತ್ತಿಲ್ಲದ್ದು ಇನ್ನೊಬ್ಬಳಿಗೂ ಗೊತ್ತಿರಲಿಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ಐದು ವರ್ಷ ನಡೆದ ಪ್ರಯೋಗದ ವಿವರ ಬಂತು. ‘ಇವರು ನಿಮಗೆ ಗೊತ್ತಿರಬಹುದು’ ಎಂದು ಆ್ಯಪ್ ತೋರಿಸುತ್ತದಲ್ಲ, ಆ ಪಟ್ಟಿಯನ್ನೇ ಕೆಲವರಿಗೆ ಹೀಗೆ, ಕೆಲವರಿಗೆ ಹಾಗೆ ಬದಲಾಯಿಸಿ ನೋಡಿದ್ದರು. (ಬಳಸುವವರಿಗೆ ಇದನ್ನು ಬಿಡಿಸಿ ಹೇಳಿರಲಿಲ್ಲ. ಸಾಮಾನು ಎಂದೆನಲ್ಲ, ಅದಕ್ಕೇ.) ಗ್ರಾನೊವೆಟರ್ ಹೇಳಿದ್ದು ಹೆಚ್ಚುಕಡಿಮೆ ನಿಜ ಎಂದೇ ಬಂತು. ಜೊತೆಗೆ ಇನ್ನೊಂದು ಮಾತೂ ಸೇರಿತು. ತೀರಾ ದೂರದವರೂ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ನಡುವಿನವರೇ ಜಾಸ್ತಿ ಉಪಯೋಗ. ಕಾಲೇಜಿನ ಸೀನಿಯರ್ ಸರಿಯಾಗಿ ಆ ನಡುವಿನ ಜಾಗದಲ್ಲಿ ಕೂರುತ್ತಾರೆ. ನಿಮ್ಮ ಗುರುತಿಲ್ಲ, ಆದರೆ ನಿಮ್ಮ ಎಚ್‌ಒಡಿ ಗುರುತಿದ್ದಾರೆ, ಕ್ಯಾಂಟೀನಿನ ಮಂಡಕ್ಕಿ ಗುರುತಿದೆ.

ಅದೇ ಪ್ರಯೋಗದಲ್ಲಿ ಇನ್ನೊಂದು ಅಂಶವೂ ಇತ್ತು. ಸಾಫ್ಟ್‌ವೇರ್‌ನಂಥ ಡಿಜಿಟಲ್ ಉದ್ಯಮಗಳಲ್ಲಿ ಈ ಅರೆಪರಿಚಯ ಹೆಚ್ಚು ಕೆಲಸ ಮಾಡುತ್ತದೆ. ಉಳಿದ ಕಡೆ ಹತ್ತಿರದವರೇ ಮೇಲು. ನನ್ನ ಮೆಕ್ಯಾನಿಕಲ್ ಫ್ರೆಂಡ್ಸ್ ಪೀಣ್ಯದಲ್ಲಿ, ಹರಿಹರದಲ್ಲಿ ಕೆಲಸ ಹಿಡಿದದ್ದು ಮಾವನ ಕಡೆಯವರು, ಐಟಿಐ ಮೇಷ್ಟ್ರು ಇಂಥವರ ಮೂಲಕ. ಅವರು ಲಿಂಕ್ಡ್‌ಇನ್‌ನಲ್ಲಿ ಕೂತು ಕಾಲ ಕಳೆಯಲಿಲ್ಲ, ಒಳ್ಳೇದೇ ಆಯಿತು. ಹಾಗಾಗಿ ಈ ಮೂರು ಸ್ಟಾರ್ ಸಿಎಸ್ (ಕಂಪ್ಯೂಟರ್ ಸೈನ್ಸ್), ಐಎಸ್ (ಇನ್ಫರ್ಮೇಶನ್ ಸೈನ್ಸ್), ಇಸಿಯವರಿಗೆ. ಬಿಕಾಂ, ಎಂಬಿಎ ಮಾಡುವವರಿಗೂ ಹೊಂದುತ್ತದೆ ಎಂದು ನನ್ನ ಅತ್ತೆ ಮಗಳು ಹೇಳುತ್ತಾಳೆ.

ಮೋಸದ ವಿಷಯ ಬಿಡುವ ಹಾಗಿಲ್ಲ. ನನ್ನ ಕ್ಲಾಸ್‌ಮೇಟ್‌ಗೆ ಒಂದು ‘ಕಂಪನಿ’ ಇಂಟರ್ನ್‌ಶಿಪ್ ಆಫರ್ ಕಳಿಸಿತು. ಇಂಟರ್‌ವ್ಯೂ ಇಲ್ಲ, ಟೆಸ್ಟ್ ಇಲ್ಲ. ಲೆಟರ್‌ಹೆಡ್ ಬಹಳ ಚೆನ್ನಾಗಿತ್ತು. ಟ್ರೇನಿಂಗ್ ಫೀ ಕಟ್ಟಿದ ಮೇಲೆ ಕೆಲವು ವಿಡಿಯೊ, ಆಮೇಲೆ ಒಂದು ಸರ್ಟಿಫಿಕೇಟ್, ಆಮೇಲೆ ಯಾರೂ ಫೋನ್ ಎತ್ತಲಿಲ್ಲ. ಕೆಲಸ ಕೊಡುವವರು ನಿಮ್ಮ ಹತ್ತಿರ ದುಡ್ಡು ಕೇಳುವುದಿಲ್ಲ. ಲ್ಯಾಪ್‌ಟಾಪ್ ಡೆಪಾಸಿಟ್, ಡಾಕ್ಯುಮೆಂಟ್ ಚಾರ್ಜ್, ಯಾವ ಹೆಸರಿನಲ್ಲೂ ಕೇಳುವುದಿಲ್ಲ. ಗುರುತು ಖಚಿತಪಡಿಸಿದವರ ಹೆಸರಿನ ಪಕ್ಕ ಈಗ ಟಿಕ್ ಬರುತ್ತದೆ, ಅದನ್ನು ನೋಡಿ. ಆದರೆ ಆ ಟಿಕ್ ಮನುಷ್ಯ ಯಾರೆಂದು ಹೇಳುತ್ತದೆಯೇ ಹೊರತು ಕೆಲಸ ನಿಜವೋ ಅಲ್ಲವೋ ಹೇಳುವುದಿಲ್ಲ. ಆ ಕೆಲಸ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೂ ಇದೆಯಾ ಎಂದು ನೋಡಿಕೊಳ್ಳಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹುಡುಗಿಯರಿಗೆ ಇನ್ನೊಂದು ಮಾತು. ಇದು ಕೆಲಸದ ಜಾಗ, ಇಲ್ಲಿ ಎಲ್ಲರೂ ನೆಟ್ಟಗಿರುತ್ತಾರೆ ಎಂದುಕೊಳ್ಳಬೇಡಿ. ‘ನೈಸ್ ಡಿಪಿ’ ಇಲ್ಲೂ ಬರುತ್ತದೆ, ಅದೂ ದೊಡ್ಡ ದೊಡ್ಡ ಹುದ್ದೆಯವರಿಂದ. ಉತ್ತರ ಕೊಡುವ ಸೌಜನ್ಯ ಬೇಡ, ಬ್ಲಾಕ್ ಮಾಡಿ, ರಿಪೋರ್ಟ್ ಮಾಡಿ. ರೆಸ್ಯೂಮೆ ಪಿಡಿಎಫ್ ಅನ್ನು ಪ್ರೊಫೈಲ್‌ನಲ್ಲಿ ತೆರೆದಿಡಬೇಡಿ, ಅದರಲ್ಲಿ ನಂಬರ್, ಮನೆ ವಿಳಾಸ ಎಲ್ಲ ಇರುತ್ತದೆ. ಇಮೇಲ್ ಯಾರಿಗೆ ಕಾಣಬೇಕು ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಬಹುದು. ನೀವು ಒಬ್ಬರ ಪ್ರೊಫೈಲ್ ನೋಡಿದ್ದು ಅವರಿಗೆ ತಿಳಿಯದಂತೆ ಮಾಡುವ ಪ್ರೈವೇಟ್ ಮೋಡ್ ಕೂಡ ಅಲ್ಲೇ ಇದೆ.

ಪ್ರೀಮಿಯಂ ಬೇಡ. ಒಂದು ತಿಂಗಳು ಉಚಿತ ಎಂದು ಬರುತ್ತದೆ, ಕಾರ್ಡ್ ಕೇಳುತ್ತದೆ. ತೆಗೆದುಕೊಂಡರೆ ಮುಗಿಯುವ ಮೊದಲೇ ಕ್ಯಾನ್ಸಲ್ ಮಾಡಿ.

ಬೆಂಗಳೂರಿನ ಮೀಟಪ್‌ಗಳ ಜೊತೆ ಹೋಲಿಸಿದರೆ? ಮುಖಾಮುಖಿಗೆ ಸಾಟಿ ಇಲ್ಲ. ಪೈಥಾನ್ ಕೋಡ್ ಬರೆಯುವವರ ಬ್ಯಾಂಗ್‌ಪೈಪರ್ಸ್ ಇದೆ, ಮುಕ್ತ ತಂತ್ರಾಂಶದ ಬಳಗ ಫಾಸ್ ಯುನೈಟೆಡ್‌ನವರ ಸಭೆಗಳಿವೆ. ಸಾಮಾನ್ಯವಾಗಿ ವಾರದ ಕೊನೆಗೆ ನಡೆಯುತ್ತವೆ, ಹೆಚ್ಚಿನವಕ್ಕೆ ದುಡ್ಡಿಲ್ಲ, ಯಾವ ಕಾಲೇಜು ಎಂದು ಯಾರೂ ಕೇಳುವುದಿಲ್ಲ. ಆದರೆ ದಾವಣಗೆರೆಯಿಂದ ಹೋಗಿ ಬರಲು ಎರಡು ಕಡೆಯ ಟಿಕೆಟ್, ಒಂದು ದಿನ, ಮನೆಯವರ ಒಪ್ಪಿಗೆ, ಮೂರೂ ಬೇಕು. ಬೆಂಗಳೂರಿನಲ್ಲೇ ಓದುವವರಿಗೆ ಈ ತೊಂದರೆ ಇಲ್ಲ, ಅವರು ಮೊದಲು ಅಲ್ಲಿಗೇ ಹೋಗಲಿ. ಉಳಿದವರಿಗೆ ಈ ಆ್ಯಪ್ ಬಸ್ ಚಾರ್ಜ್ ಉಳಿಸುತ್ತದೆ.

ಕಳೆದ ಎರಡು ಸ್ಟಾರ್‌ನಲ್ಲಿ ಒಂದು ಫೀಡಿಗೆ ಹೋಯಿತು. ಇನ್ನೊಂದು ಕನ್ನಡಕ್ಕೆ. 2021ರ ಡಿಸೆಂಬರಿನಲ್ಲಿ ಇದು ಹಿಂದಿಯಲ್ಲಿ ಬಂತು. ಆಮೇಲೆ ತೆಲುಗು, ಮರಾಠಿ, ಬಂಗಾಳಿ, ಪಂಜಾಬಿ ಸೇರಿದವು. ನಾನು ನೋಡಿದಾಗ ಭಾಷೆಗಳ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕಂಪನಿಯ ದೊಡ್ಡ ಆಫೀಸು ಮಾತ್ರ ಬೆಂಗಳೂರಿನಲ್ಲೇ ಇದೆ. ಮೆಸೇಜನ್ನೇನೋ ಕನ್ನಡದಲ್ಲಿ ಬರೆಯಬಹುದು. ಆದರೆ ಕನೆಕ್ಷನ್ ಕೇಳುವಾಗ ಜೊತೆಗೆ ಕಳಿಸುವ ಟಿಪ್ಪಣಿಗೆ ಉಚಿತ ಖಾತೆಯಲ್ಲಿ ಸುಮಾರು 200 ಅಕ್ಷರದ ಮಿತಿ, ತಿಂಗಳಿಗೆ ಅಂಥವು ಕೆಲವೇ. ಅಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆ ಅಕ್ಷರ ಎಂದು ಲೆಕ್ಕ. ‘ನಮಸ್ಕಾರ’ ಎಂದರೆ ಏಳು ಹೋಯಿತು. ಹಾಗಾಗಿ ನಮಸ್ಕಾರ ಚಿಕ್ಕದಾಗಿರಲಿ. ಕಾಲೇಜು, ಸೆಮ್, ಒಂದು ಪ್ರಶ್ನೆ, ಸಾಕು. ಉಳಿದದ್ದು ಅವರು ಕನೆಕ್ಷನ್ ಒಪ್ಪಿದ ಮೇಲೆ ಬರೆಯಿರಿ, ಆಗ ಮಿತಿಯ ಕಾಟ ಇರುವುದಿಲ್ಲ.

ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ. ಆಗಲೂ ಬಾರದಿದ್ದರೆ ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋಗಿ. ಬೇಸರ ಬೇಡ, ನಮ್ಮದೂ ಇಲ್ಲಿ ರಿಲೀಸ್ ವಾರ ಎಂದು ಒಂದಿರುತ್ತದೆ, ಆಗ ಮನೆಯವರ ಫೋನನ್ನೂ ಎತ್ತಿರುವುದಿಲ್ಲ. ಶುರು ಮಾಡಲು ಐದನೇ ಸೆಮ್ ಸರಿಯಾದ ಹೊತ್ತು. ಏಳನೇ ಸೆಮ್‌ನಲ್ಲಿ ಎಲ್ಲರೂ ಒಟ್ಟಿಗೆ ಬರೆಯುತ್ತಾರೆ, ಇನ್‌ಬಾಕ್ಸ್ ತುಂಬಿರುತ್ತದೆ.